ಪೇಟೆಗೊಂದು ಶ್ರಮದಾನ ತಂಡ: ಎಲ್ಲಿಂದ ಶುರು, ಯಾರನ್ನು ಕೇಳೋದು, ಎತ್ತಿದ ಕಸ ಎಲ್ಲಿಗೆ?

"ನಮ್ಮ ಪೇಟೆಗೆ ಏನಾದ್ರೂ ಮಾಡ್ಬೇಕು ಅಂತ ನಾಲ್ಕೈದು ಜನ ಇದ್ದೇವೆ. ಎಲ್ಲಿಂದ ಶುರು ಮಾಡೋದು?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಕಾರ್ಕಳ, ಕಾಪು, ಮೂಲ್ಕಿ, ಸಾಲಿಗ್ರಾಮದಂಥ ಸಣ್ಣ ಪೇಟೆಯವರು. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ನಮ್ಮ ಕರಾವಳಿಯಲ್ಲಿ ಒಂದು ಭಾನುವಾರಕ್ಕೆ ಐವತ್ತು ಜನ ಸೇರಿಸೋದು ದೊಡ್ಡ ವಿಷಯವೇ ಅಲ್ಲ. ಬ್ರಹ್ಮಕಲಶೋತ್ಸವಕ್ಕೆ, ಚರ್ಚಿನ ಹಬ್ಬಕ್ಕೆ, ಉರೂಸಿಗೆ ಕರಸೇವೆ ಮಾಡಿ ಕೈ ಪಳಗಿದ ಜನ ನಾವು. ತೊಂದರೆ ಬರುವುದು ಮೂರನೇ ತಿಂಗಳಿಗೆ. ಫೋಟೋ ಪೇಪರಿನಲ್ಲಿ ಬಂದಾಗಿದೆ, ಶುಚಿ ಮಾಡಿದ ಜಾಗದಲ್ಲಿ ಪುನಃ ಕಸ ಬಿದ್ದಿದೆ, ವಾಟ್ಸಾಪ್ ಗ್ರೂಪಿನಲ್ಲಿ ಬರೀ ಶುಭೋದಯ. ಹಾಗಾಗಿ ಈ ಬರಹದ ಉದ್ದಕ್ಕೂ ಒಂದೇ ಪ್ರಶ್ನೆ ಹಿಡಿದುಕೊಂಡಿರುತ್ತೇನೆ: ಆರು ತಿಂಗಳ ಮೇಲೆ ಇದನ್ನು ನೋಡಿಕೊಳ್ಳೋದು ಯಾರು? ಉತ್ತರ ಸಿಗದಿದ್ದರೆ ಹಾರೆ ಎತ್ತಲೇ ಬೇಡಿ.

ಹಂತ 1: ಒಂದು ಜಾಗ, ಒಂದು ಕೆಲಸ

ಮೊದಲ ಸಭೆಯಲ್ಲೇ ಪಟ್ಟಿ ಉದ್ದ ಆಗುತ್ತದೆ. ಕೆರೆ ಹೂಳು ತೆಗೆಯೋಣ, ಮೀನು ಮಾರ್ಕೆಟ್ ಸರಿ ಮಾಡೋಣ, ಬೀದಿ ನಾಯಿಗೆ ಏನಾದ್ರೂ ಮಾಡೋಣ, ಸ್ಮಶಾನಕ್ಕೆ ದಾರಿ ಮಾಡೋಣ. ಎಲ್ಲ ಒಳ್ಳೆಯದೇ. ಆದರೆ ಮೊದಲ ಕೆಲಸ ಎರಡು ಮೂರು ಭಾನುವಾರದಲ್ಲಿ ಮುಗಿಯುವಂಥದ್ದಾಗಿರಲಿ, ದಿನಾ ಕಣ್ಣಿಗೆ ಬೀಳುವ ಜಾಗದಲ್ಲಿರಲಿ, ಹತ್ತಿರದಲ್ಲೇ ಅದನ್ನು ನೋಡಿಕೊಳ್ಳುವ ಒಬ್ಬರಿರಲಿ.

ನನ್ನನ್ನು ಕೇಳಿದರೆ ಮೊದಲ ಕೆಲಸಕ್ಕೆ ಬಸ್ ತಂಗುದಾಣಕ್ಕಿಂತ ಒಳ್ಳೆಯ ಜಾಗ ಇಲ್ಲ. ನಿಮ್ಮ ಪೇಟೆಯದ್ದನ್ನೇ ಒಮ್ಮೆ ಹತ್ತಿರ ಹೋಗಿ ನೋಡಿ. ಹಿಂದಿನ ಗೋಡೆಯಲ್ಲಿ ನಾಟಕ, ಕಂಬಳ, ಟ್ಯೂಷನ್, ಶ್ರದ್ಧಾಂಜಲಿ, ಒಂದರ ಮೇಲೊಂದು ಪೋಸ್ಟರ್. ಮೂಲೆಯಲ್ಲಿ ಕವಳ ಉಗುಳಿದ ಕೆಂಪು ಕಲೆ, ಮೊಣಕಾಲಿನ ಎತ್ತರದವರೆಗೆ. ಸಿಮೆಂಟ್ ಬೆಂಚಿನ ಒಂದು ತುದಿ ಮುರಿದು ಕಬ್ಬಿಣ ಹೊರಗೆ ಬಂದಿದೆ. ಮಾಡಿನ ಮೇಲೆ ಮರದ ಎಲೆ ಕೊಳೆತು ನೀರು ಹೋಗುವ ತೂತು ಕಟ್ಟಿದೆ, ಅದಕ್ಕೇ ಮಳೆಗಾಲದಲ್ಲಿ ಒಳಗೆ ಸೋರುವುದು. ಇದರಲ್ಲಿ ಯಾವುದಕ್ಕೂ ಇಂಜಿನಿಯರ್ ಬೇಡ. ಒಬ್ಬ ಮೇಸ್ತ್ರಿ, ಒಬ್ಬ ಪೈಂಟರ್, ಉಳಿದದ್ದು ನೀವೇ.

ಪೋಸ್ಟರ್ ಒಣಗಿರುವಾಗ ಕೆರೆಯಲು ಹೋದರೆ ಗಾರೆಯೂ ಒಟ್ಟಿಗೇ ಕಿತ್ತು ಬರುತ್ತದೆ. ಮೈದಾ ಅಂಟಿನಿಂದ ಅಂಟಿಸಿದ್ದು ಅದು. ಹಿಂದಿನ ಸಂಜೆ ಚೆನ್ನಾಗಿ ನೀರು ಹೊಡೆದು ನೆನೆಸಿ, ಬೆಳಿಗ್ಗೆ ಇನ್ನೊಮ್ಮೆ ನೆನೆಸಿ, ಆಮೇಲೆ ಪೈಂಟರ್‌ಗಳ ಪುಟ್ಟಿ ಪಟ್ಟಿಯಿಂದ ಎತ್ತಿ. ಗೋಡೆಯ ಕೆಳಗಿನ ಎರಡು ಅಡಿಗೆ ಗಾಢ ಬಣ್ಣ, ಮೇಲೆ ತಿಳಿ ಬಣ್ಣ. ಕೆಳಗೂ ಬಿಳಿ ಹೊಡೆದರೆ ಒಂದೇ ವಾರದಲ್ಲಿ ಬೇಸರ ಆಗುತ್ತದೆ. ಇನ್ನೊಂದು ವಿಷಯ: ಮಳೆ ನಿಂತ ಕೂಡಲೇ ಪೈಂಟ್ ಮಾಡಬೇಡಿ. ಕೆಂಪುಕಲ್ಲಿನ ಗೋಡೆ ಒಳಗೆ ನೀರು ಹಿಡಿದುಕೊಂಡಿರುತ್ತದೆ. ಅಕ್ಟೋಬರದಲ್ಲಿ ಹೊಡೆದ ಪೈಂಟ್ ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಬೀಳುತ್ತದೆ. ಪಾಚಿ ಉಜ್ಜಿ ತೆಗೆದು, ಡಿಸೆಂಬರಿನ ಬಿಸಿಲು ಕಾಣಿಸಿ, ಆಮೇಲೆ ಹೊಡೆಯಿರಿ.

ಶಾಲೆಯ ಎದುರಿನ ರಸ್ತೆಯ ನೂರು ಮೀಟರ್, ಸಾರ್ವಜನಿಕ ಬಾವಿಯ ಕಟ್ಟೆ, ಗ್ರಾಮ ಪಂಚಾಯತಿನ ಅರಿವು ಕೇಂದ್ರ (ಹಳೆಯ ಗ್ರಂಥಾಲಯಕ್ಕೆ ಈಗಿನ ಹೆಸರು), ಇವೂ ಮೊದಲಿಗೆ ಆಗಬಹುದು.

ಮೊದಲಿಗೆ ಬೇಡವೇ ಬೇಡ ಅನ್ನುವಂಥದ್ದೂ ಇದೆ. ಕೆರೆ ಹೂಳಿಗೆ ಜೆಸಿಬಿ ಬೇಕು, ದುಡ್ಡು ಬೇಕು, ತೆಗೆದ ಮಣ್ಣು ಯಾರಿಗೆ ಅನ್ನುವ ಜಗಳಕ್ಕೆ ತಯಾರಿರಬೇಕು, ಅದಕ್ಕೂ ಮೊದಲು ಕೆರೆಯ ಗಡಿ ಎಲ್ಲಿಯವರೆಗೆ ಅಂತ ಸರ್ವೆ ಆಗಬೇಕು. ಬೀದಿ ನಾಯಿಯ ವಿಷಯಕ್ಕೆ ಬೇರೆಯೇ ಕಾನೂನು ಇದೆ, ಸುಮ್ನೆ ಹಿಡಿದು ದೂರ ಬಿಟ್ಟು ಬರುವ ಹಾಗಿಲ್ಲ. ಫುಟ್‌ಪಾತ್ ಮೇಲಿನ ಗೂಡಂಗಡಿ ತೆಗೆಸಲು ಹೋದರೆ ಮೊದಲ ದಿನವೇ ಅರ್ಧ ಪೇಟೆ ನಿಮ್ಮ ವಿರುದ್ಧ.

ಹಂತ 2: ಜಾಗ ಯಾರದ್ದು ಅಂತ ತಿಳಿದುಕೊಳ್ಳಿ

ಇದನ್ನು ಬಿಟ್ಟವರೇ ಜಾಸ್ತಿ. ಊರಿನದ್ದೇ ಜಾಗ ಅಲ್ವಾ, ಯಾರನ್ನು ಕೇಳೋದು ಅಂತ. ಆದರೆ ಒಂದೇ ಪೇಟೆಯಲ್ಲಿ ನಾಲ್ಕು ಜನ ಯಜಮಾನರಿರುತ್ತಾರೆ. ಹೆದ್ದಾರಿ 66ರ ಪಕ್ಕದ ಜಾಗ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದ್ದು, ಅಂದರೆ ನಾವು ಪಿಡಬ್ಲ್ಯುಡಿ ಅನ್ನುವುದು. ಒಳಗಿನ ರಸ್ತೆ, ಚರಂಡಿ, ಮಾರ್ಕೆಟ್ ಸ್ಥಳೀಯ ಸಂಸ್ಥೆಯದ್ದು. ರೈಲ್ವೆ ಸ್ಟೇಷನ್ ಹತ್ತಿರ ಆದರೆ ಕೊಂಕಣ ರೈಲ್ವೆಯದ್ದೂ ಇರಬಹುದು.

ಸ್ಥಳೀಯ ಸಂಸ್ಥೆ ಅಂದಾಗಲೂ ಯಾವುದು ಅಂತ ನೋಡಿ. ಕಾರ್ಕಳ, ಕಾಪು, ಬಂಟ್ವಾಳ, ಮೂಡುಬಿದಿರೆಯಲ್ಲಿ ಪುರಸಭೆ. ಸಾಲಿಗ್ರಾಮ, ಬೈಂದೂರು, ಬೆಳ್ತಂಗಡಿ, ಸುಳ್ಯ, ವಿಟ್ಲದಲ್ಲಿ ಪಟ್ಟಣ ಪಂಚಾಯತ್. ಈ ಎರಡೂ ಕಡೆ ನೀವು ಪತ್ರ ಬರೆಯಬೇಕಾದದ್ದು ಮುಖ್ಯಾಧಿಕಾರಿಗೆ. ಉಡುಪಿ, ಪುತ್ತೂರು, ಉಳ್ಳಾಲದಂಥ ನಗರಸಭೆ ಆದರೆ ಪೌರಾಯುಕ್ತರಿಗೆ. ಗ್ರಾಮ ಪಂಚಾಯತ್ ಆದರೆ ಪಿಡಿಒ, ಅಂದರೆ ಪಂಚಾಯತ್ ಅಭಿವೃದ್ಧಿ ಅಧಿಕಾರಿಗೆ.

ಬಸ್ ತಂಗುದಾಣಕ್ಕೆ ಇನ್ನೊಂದು ಯಜಮಾನಿಕೆ ಇದೆ, ಅದು ಕಡತದಲ್ಲಿ ಇರುವುದಿಲ್ಲ. ನಮ್ಮಲ್ಲಿ ಎಷ್ಟೋ ತಂಗುದಾಣಗಳನ್ನು ಯಾರದ್ದೋ ತಂದೆ ತಾಯಿಯ ನೆನಪಿಗೆ ಮಕ್ಕಳು ಕಟ್ಟಿಸಿಕೊಟ್ಟಿರುತ್ತಾರೆ, ಇಲ್ಲವೇ ಲಯನ್ಸ್, ರೋಟರಿಯವರು ಕಟ್ಟಿಸಿರುತ್ತಾರೆ. ಗೋಡೆಯಲ್ಲಿ ಹೆಸರು ಕೆತ್ತಿದ ಕಲ್ಲು ಇರುತ್ತದೆ. ಆ ಮನೆಯವರನ್ನು ಹುಡುಕಿ ಒಂದು ಮಾತು ಹೇಳಿ. ಹೇಳದೆ ಪೈಂಟ್ ಹೊಡೆದು ಆ ಹೆಸರಿನ ಮೇಲೆ ಬಣ್ಣ ಬಿದ್ದರೆ ಊರಲ್ಲಿ ಮಾತಾಗುತ್ತದೆ. ಹೇಳಿದರೆ ಪೈಂಟಿನ ಖರ್ಚು ಅವರೇ ಕೊಟ್ಟರೂ ಆಶ್ಚರ್ಯ ಇಲ್ಲ.

ಪತ್ರ ಉದ್ದ ಬೇಡ. ಹೀಗಿದ್ದರೆ ಸಾಕು:

"ಮಾನ್ಯರೇ, ನಾವು ಈ ಕೆಳಗೆ ಸಹಿ ಮಾಡಿದ ಊರಿನ ನಿವಾಸಿಗಳು, ಇಂಥ ದಿನಾಂಕದಂದು ಬೆಳಿಗ್ಗೆ 7ರಿಂದ 9.30ರವರೆಗೆ ಇಂಥ ಜಾಗದ ಬಸ್ ತಂಗುದಾಣದಲ್ಲಿ ಶ್ರಮದಾನ ಮಾಡಲು ಉದ್ದೇಶಿಸಿದ್ದೇವೆ. ಶುಚಿ ಮಾಡುವುದು, ಹಳೆಯ ಪೋಸ್ಟರ್ ತೆಗೆಯುವುದು, ಬಣ್ಣ ಬಳಿಯುವುದು ಇಷ್ಟೇ ಕೆಲಸ. ಇದಕ್ಕೆ ಅನುಮತಿ ನೀಡಬೇಕಾಗಿಯೂ, ಸಂಗ್ರಹವಾದ ಕಸವನ್ನು ಅದೇ ದಿನ ಸಾಗಿಸಲು ವಾಹನ ಒದಗಿಸಬೇಕಾಗಿಯೂ ವಿನಂತಿ."

ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಕೊಟ್ಟು, ಇನ್ನೊಂದಕ್ಕೆ ಸೀಲು, ದಿನಾಂಕ ಹಾಕಿಸಿ ತನ್ನಿ. ಬಾಯಿಮಾತಿನಲ್ಲಿ "ಮಾಡಿ ಮಾರಾಯ್ರೇ, ಒಳ್ಳೆ ಕೆಲಸ" ಅಂದ ಅಧಿಕಾರಿ ಮುಂದಿನ ತಿಂಗಳು ವರ್ಗ ಆಗಿ ಹೋಗಿರಬಹುದು. ವಾರ್ಡಿನ ಸದಸ್ಯರಿಗೂ ಒಂದು ಪ್ರತಿ ಕೊಡಿ. ಅವರು ಯಾವ ಪಕ್ಷದವರಾದರೂ ಸರಿ.

ಮರದ ಕೊಂಬೆ ಕಡಿಯಬೇಕಾದರೆ ನೀವಾಗಿಯೇ ಕತ್ತಿ ಹಾಕಬೇಡಿ. ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಕೊಂಬೆ ಕರೆಂಟಿನ ತಂತಿಗೆ ತಾಗುತ್ತಿದ್ದರೆ ಕರೆಂಟಿನ ಕಂಪನಿ ಮೆಸ್ಕಾಂಗೆ ಹೇಳಿ, ಸಹಾಯವಾಣಿ 1912.

ಹಂತ 3: ಜನ ಸೇರಿಸುವಾಗ ಕ್ಯಾಲೆಂಡರ್ ನೋಡಿ

ಹತ್ತು ಜನ ಖಾಯಂ ಬರುವವರಿದ್ದರೆ ತಂಡ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಬಂದರೆ ಒಳ್ಳೆಯದು, ಆದರೆ ಲೆಕ್ಕ ಹತ್ತಕ್ಕೇ ಹಾಕಿ.

ಹೊಸ ಸಂಘ ಕಟ್ಟಲು ಹೋಗಬೇಡಿ. ನಮ್ಮ ಪೇಟೆಗಳಲ್ಲಿ ಸಂಘಕ್ಕೆ ಬರಗಾಲ ಇಲ್ಲ. ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂದಿರ, ಗಣೇಶೋತ್ಸವ ಸಮಿತಿ, ಧರ್ಮಸ್ಥಳ ಯೋಜನೆಯ ಸ್ವಸಹಾಯ ಸಂಘ, ನವೋದಯ ಸಂಘ, ಚರ್ಚಿನ ಯುವ ಸಂಘಟನೆ, ಮಸೀದಿಯ ಯುವಕರ ತಂಡ, ರಿಕ್ಷಾ ಚಾಲಕರ ಸಂಘ. ಪ್ರತಿಯೊಂದರಿಂದ ಇಬ್ಬರನ್ನು ಕೇಳಿ, ಸಾಕು. ಇದರಲ್ಲಿ ರಿಕ್ಷಾದವರನ್ನು ಮಾತ್ರ ಬಿಡಲೇಬೇಡಿ. ದಿನವಿಡೀ ಪೇಟೆಯಲ್ಲಿ ಇರುವವರು ಅವರು. ರಾತ್ರಿ ಬೈಕಿನಲ್ಲಿ ಬಂದು ಕಸದ ಕಟ್ಟು ಎಸೆದು ಹೋಗುವುದು ಯಾರು ಅಂತ ಅವರಿಗೆ ಗೊತ್ತಿರುತ್ತದೆ.

ಒಂದೇ ಸಂಘದ, ಒಂದೇ ಪಕ್ಷದ, ಒಂದೇ ಜಾತಿಯ ಕೆಲಸ ಅಂತ ಹೆಸರು ಬಂದರೆ ಅಲ್ಲಿಗೇ ಮುಗಿಯಿತು. ಮೊದಲ ದಿನವೇ ಬೇರೆ ಬೇರೆ ಕಡೆಯವರು ಇರಲಿ. ಆಮೇಲೆ ಸೇರಿಸಿಕೊಳ್ಳೋಣ ಅಂದರೆ ಅವರು ಬರುವುದಿಲ್ಲ, ಬಂದರೂ ನೆಂಟರ ಹಾಗೆ ಬದಿಯಲ್ಲಿ ನಿಂತಿರುತ್ತಾರೆ. ಸುದ್ದಿ ಮುಟ್ಟಿಸುವಾಗಲೂ ಹಾಗೆಯೇ. ತುಳುವಿನಲ್ಲಿ ಒಂದು, ಬ್ಯಾರಿಯಲ್ಲಿ ಒಂದು, ಕೊಂಕಣಿಯಲ್ಲಿ ಒಂದು ಧ್ವನಿ ಸಂದೇಶ ಕಳಿಸಿ. ಅಚ್ಚು ಮಾಡಿದ ಕರಪತ್ರಕ್ಕಿಂತ ಜಾಸ್ತಿ ಜನ ಬರುತ್ತಾರೆ.

ದಿನ ಆರಿಸುವುದು ಕಾಣುವಷ್ಟು ಸುಲಭ ಅಲ್ಲ. ಭಾನುವಾರ ಬೆಳಿಗ್ಗೆ ಕ್ರೈಸ್ತರಿಗೆ ಇಗರ್ಜಿಯ ಪೂಜೆ ಇರುತ್ತದೆ. ನಿಮ್ಮ ಊರಿನ ಚರ್ಚಿನಲ್ಲಿ ಪೂಜೆ ಎಷ್ಟು ಗಂಟೆಗೆ ಅಂತ ಕೇಳಿ, ಕೆಲಸದ ಹೊತ್ತನ್ನು ಅದಕ್ಕೆ ಹೊಂದಿಸಿ. ನವೆಂಬರಿನಿಂದ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯವರೆಗೆ, ಶನಿವಾರ ರಾತ್ರಿ ಎಲ್ಲಾದರೂ ಒಂದು ಯಕ್ಷಗಾನದ ಆಟ, ದೈವದ ನೇಮ, ಕೋಲ ಇದ್ದೇ ಇದೆ. ಹತ್ತಿರದಲ್ಲಿ ಆಟ ಇದ್ದ ಮರುದಿನ ಬೆಳಿಗ್ಗೆ ಆರಕ್ಕೆ ಬನ್ನಿ ಅಂದರೆ ನಿಮ್ಮ ಜೊತೆ ನೀವೇ ಇರುತ್ತೀರಿ. ಏಪ್ರಿಲ್, ಮೇ ಮದುವೆಯ ಕಾಲ. ಜೂನ್, ಜುಲೈಯಲ್ಲಿ ಗದ್ದೆ ಇರುವವರಿಗೆ ನೇಜಿ ನೆಡುವ ಕೆಲಸ. ಹೊಸ ತಂಡಕ್ಕೆ ಒಳ್ಳೆಯ ಕಾಲ ನವೆಂಬರ್ ಕೊನೆಯಿಂದ ಫೆಬ್ರವರಿ. ತಿಂಗಳಿಗೆ ಒಂದೇ ದಿನ, ಉದಾಹರಣೆಗೆ ಎರಡನೇ ಭಾನುವಾರ, ಅಂತ ಇಟ್ಟುಕೊಳ್ಳಿ. ವಾರವಾರ ಮಾಡುತ್ತೇವೆ ಅಂತ ಉತ್ಸಾಹದಲ್ಲಿ ಹೇಳಬೇಡಿ.

"ಮಂಗಳೂರಲ್ಲಿ ಮಾಡಿದ್ದಾರಲ್ಲ?" ಅಂತ ಕೇಳುವವರಿದ್ದಾರೆ. ನಿಜ. ರಾಮಕೃಷ್ಣ ಮಿಷನ್ ಮುಂದಾಳತ್ವದಲ್ಲಿ 2015ರಲ್ಲಿ ಶುರುವಾದ ಸ್ವಚ್ಛ ಮಂಗಳೂರು ಅಭಿಯಾನದಲ್ಲಿ ಭಾನುವಾರಗಳಂದು ಶ್ರಮದಾನ ನಡೆದು ಎಷ್ಟೋ ಜಾಗ ಬದಲಾಗಿದೆ. ಅದರಿಂದ ಕಲಿಯಬೇಕಾದದ್ದು ಬೇಕಷ್ಟಿದೆ. ಆದರೆ ಅಲ್ಲಿ ಹಿಂದೆ ಒಂದು ದೊಡ್ಡ ಸಂಸ್ಥೆಯ ಬಲ ಇತ್ತು, ಸುತ್ತ ಕಾಲೇಜುಗಳಿದ್ದವು. ಎಂಟು ಸಾವಿರ ಜನರ ಪೇಟೆಯಲ್ಲಿ ಆ ವೇಗ ಹಿಡಿಯಲು ಹೋಗಬೇಡಿ.

ಹತ್ತಿರ ಕಾಲೇಜು ಇದ್ದರೆ ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್‌ಎಸ್‌ಎಸ್ ಘಟಕ ಇರುತ್ತದೆ. ಆ ಮಕ್ಕಳಿಗೆ ವರ್ಷಕ್ಕೆ 120 ಗಂಟೆ ಸೇವೆ ಆಗಬೇಕು. ಪ್ರಾಂಶುಪಾಲರಿಗೆ ಪತ್ರ ಕೊಟ್ಟು ಕಾರ್ಯಕ್ರಮಾಧಿಕಾರಿಯನ್ನು ಭೇಟಿಯಾಗಿ. ಸೆಮಿಸ್ಟರ್ ಪರೀಕ್ಷೆಯ ದಿನಾಂಕ ಮೊದಲೇ ಕೇಳಿಕೊಳ್ಳಿ. ಹದಿನೆಂಟು ಆಗದ ಮಕ್ಕಳನ್ನು ರಸ್ತೆ ಬದಿಯ ಕೆಲಸಕ್ಕೆ ಕರೆಯಲೇ ಬೇಡಿ.

ಹಂತ 4: ಎತ್ತುವ ಮೊದಲು, ಕಸ ಎಲ್ಲಿಗೆ ಅಂತ ತೀರ್ಮಾನ ಆಗಲಿ

ಸ್ವಲ್ಪ ನಿಧಾನಕ್ಕೆ ಓದಿ. ಹೊಸ ತಂಡಗಳು ಎಡವುವುದು ಇಲ್ಲೇ.

ಬೆಳಿಗ್ಗೆ ಮೂವತ್ತು ಜನ ಸೇರಿ ಐವತ್ತು ಗೋಣಿ ಕಸ ಎತ್ತುತ್ತಾರೆ. ಫೋಟೋ ಆಗುತ್ತದೆ. ಹತ್ತೂವರೆಗೆ ಎಲ್ಲರೂ ಮನೆಗೆ. ಗೋಣಿಗಳು ರಸ್ತೆ ಬದಿಯಲ್ಲಿ. ಭಾನುವಾರ ಗಾಡಿ ಬರುವುದಿಲ್ಲ. ಸೋಮವಾರ ಬಂದ ಗಾಡಿಯವರು "ಇದು ಮಿಕ್ಸ್ ಇದೆ, ತಗೊಳ್ಳಲ್ಲ" ಅನ್ನುತ್ತಾರೆ, ಅವರು ಹೇಳುವುದು ಸರಿಯೇ. ಮಂಗಳವಾರದ ಹೊತ್ತಿಗೆ ನಾಯಿಗಳು ಗೋಣಿ ಹರಿದಿರುತ್ತವೆ. ಈಗ ಆ ಕಸ ನಿಮ್ಮದು, ಇಡೀ ಪೇಟೆ ಹಾಗೇ ಹೇಳುತ್ತದೆ.

ಇದಕ್ಕೆ ದಾರಿ ಸ್ಥಳದಲ್ಲೇ ಬೇರ್ಪಡಿಸುವುದು. ಸಿಮೆಂಟಿನ ಖಾಲಿ ಗೋಣಿಗಳನ್ನು ಸಾಲಾಗಿ ಇಟ್ಟು, ಪ್ರತಿಯೊಂದಕ್ಕೂ ಒಬ್ಬೊಬ್ಬರನ್ನು ನಿಲ್ಲಿಸಿ. ಎತ್ತುವವರು ಎತ್ತಿ ತಂದು ಅವರ ಕೈಗೆ ಕೊಡಬೇಕು.

ಗಾಜಿನ ಬಾಟಲಿ ಒಂದು ಕಡೆ. ಒಡೆಯದ ಬಿಯರ್ ಬಾಟಲಿಯನ್ನು ಗುಜರಿಯವರು ತಗೊಳ್ಳುತ್ತಾರೆ. ಒಡೆದದ್ದನ್ನು ಬೇರೆಯೇ ಬಕೆಟಿಗೆ ಹಾಕಿ, ಗೋಣಿಗೆ ಹಾಕಿದರೆ ಎತ್ತುವವರ ಕಾಲು ಕುಯ್ಯುತ್ತದೆ. ನೀರಿನ ಬಾಟಲಿ, ಹಾಲಿನ ಪ್ಯಾಕೆಟ್, ತಿಂಡಿ ಪೊಟ್ಟಣ ಇನ್ನೊಂದು ಕಡೆ, ಮಣ್ಣು ಕೊಡವಿ ಹಾಕಿ. ಡೈಪರ್ ಮತ್ತು ಪ್ಯಾಡ್ ಪೂರ್ತಿ ಬೇರೆ. ಬಟ್ಟೆ, ಚಪ್ಪಲಿ, ಥರ್ಮಾಕೋಲ್ ಇನ್ನೊಂದರಲ್ಲಿ. ಬೊಂಡದ (ಎಳನೀರಿನ) ಚಿಪ್ಪು, ಒಣ ಎಲೆ, ಹುಲ್ಲು ಗೋಣಿಗೆ ಬೇಡವೇ ಬೇಡ. ಅದನ್ನು ಕೇಳಿಕೊಂಡು ಯಾರದ್ದಾದರೂ ತೋಟದ ತೆಂಗಿನ ಬುಡಕ್ಕೆ ಹಾಕಬಹುದು. ಒಡೆದ ಕಾಂಕ್ರೀಟು, ಹಂಚು ಸಿಕ್ಕರೆ ಮುಟ್ಟಬೇಡಿ. ಅದಕ್ಕೆ ಬೇರೆ ಗಾಡಿ ಬೇಕು, ಪುರಸಭೆಗೆ ತಿಳಿಸಿ.

ಬೇರ್ಪಡಿಸಿದ ಒಣ ಕಸಕ್ಕೆ ನಮ್ಮ ಎರಡು ಜಿಲ್ಲೆಗಳಲ್ಲಿ, ಅಂದರೆ ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ, ದಾರಿ ಇದೆ. ಉಡುಪಿ ಜಿಲ್ಲೆಯ ಹಲವು ಗ್ರಾಮ ಪಂಚಾಯತ್‌ಗಳು ಎಸ್‌ಎಲ್‌ಆರ್‌ಎಂ ಘಟಕ ನಡೆಸುತ್ತಿವೆ. ಕಸವನ್ನು ಸಂಪನ್ಮೂಲ ಅಂತ ನೋಡಿ, ವಿಂಗಡಿಸಿ ಮಾರುವ ವ್ಯವಸ್ಥೆ ಅದು. ಕುಂದಾಪುರ ಕಡೆಯ ವಂಡ್ಸೆ ಪಂಚಾಯತ್ ಇದರಿಂದಲೇ ಹೆಸರು ಮಾಡಿತು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಎಂಆರ್‌ಎಫ್ ಇದೆ. ಸುತ್ತಲಿನ ಪಂಚಾಯತ್‌ಗಳ ಒಣ ಕಸ ಒಂದೇ ಕಡೆ ಬಂದು ಬಗೆಬಗೆಯಾಗಿ ಬೇರ್ಪಟ್ಟು, ಬೇಲ್ ಕಟ್ಟಿ ಹೊರಗೆ ಹೋಗುವ ಘಟಕ. ನಿಮ್ಮ ಪಂಚಾಯತಿನ ಒಣ ಕಸ ಎಲ್ಲಿಗೆ ಹೋಗುತ್ತದೆ, ಯಾವ ವಾರ ಹೋಗುತ್ತದೆ ಅಂತ ಪಿಡಿಒ ಅಥವಾ ಪುರಸಭೆಯ ಆರೋಗ್ಯ ನಿರೀಕ್ಷಕರ ಹತ್ತಿರ ಕೇಳಿ, ನಿಮ್ಮ ದಿನವನ್ನು ಅದಕ್ಕೆ ಹೊಂದಿಸಿ. ಕಸದ ಗಾಡಿ ಓಡಿಸುವವರ ಹತ್ತಿರ ಮಾತಾಡಿದರೆ ಇನ್ನೂ ಬೇಗ ಗೊತ್ತಾಗುತ್ತದೆ. ಆದಿತ್ಯವಾರ ಅವರಿಗೂ ರಜೆ ಬೇಕು. ಒತ್ತಾಯ ಮಾಡಬೇಡಿ, ಬೇಕಿದ್ದರೆ ಗೋಣಿಗಳನ್ನು ಒಂದು ರಾತ್ರಿಗೆ ಬೀಗ ಇರುವ ಶೆಡ್ಡಿನಲ್ಲಿ ಇಡಿ.

ಬೆಂಕಿ ಹಾಕುವ ಯೋಚನೆಯೇ ಬೇಡ. "ಸ್ವಲ್ಪ ಎಲೆ ಅಷ್ಟೇ" ಅಂತ ಹಾಕಿದ್ದರಲ್ಲಿ ಪ್ಲಾಸ್ಟಿಕ್ ಇದ್ದೇ ಇರುತ್ತದೆ. ಬಯಲಲ್ಲಿ ಕಸ ಸುಡುವುದಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ಹಂತ 5: ಸಾಮಾನು ಮತ್ತು ಮೈ ಕಾಪಾಡಿಕೊಳ್ಳುವುದು

ಹಾರೆ, ಪಿಕ್ಕಾಸು, ಕತ್ತಿ, ಬುಟ್ಟಿ, ಉದ್ದ ಹಿಡಿಯ ಹಿಡಿಸೂಡಿ (ಪೊರಕೆ) ಮನೆಮನೆಯಿಂದಲೇ ಬರುತ್ತದೆ. ಹಿಡಿಯ ಮೇಲೆ ಪೈಂಟಿನಲ್ಲಿ ಹೆಸರು ಬರೆದುಬಿಡಿ. ಕಳೆದುಹೋದ ಒಂದು ಕತ್ತಿಯಿಂದ ಇಬ್ಬರು ಮಾತು ಬಿಡುವುದು ನಮ್ಮಲ್ಲಿ ಹೊಸತಲ್ಲ. ಹುಲ್ಲು ಕತ್ತರಿಸುವ ಯಂತ್ರ ಅಡಿಕೆ ತೋಟ ಇರುವವರ ಹತ್ತಿರ ಸಿಗುತ್ತದೆ. ಅದನ್ನು ಅಭ್ಯಾಸ ಇರುವವರೇ ಹಿಡಿಯಲಿ. ಯಂತ್ರ ನಡೆಯುವಾಗ ಸುತ್ತ ಯಾರೂ ನಿಲ್ಲುವುದು ಬೇಡ, ಕಲ್ಲು ಹಾರುತ್ತದೆ.

ಕೊಳ್ಳಬೇಕಾದದ್ದು: ದಪ್ಪ ರಬ್ಬರ್ ಕೈಗವಸು, ಕೆಲವು ಜೊತೆ ಗಂಬೂಟು, ರಸ್ತೆ ಬದಿಗೆ ಹೊಳೆಯುವ ಜಾಕೆಟ್. ಬಟ್ಟೆಯ ಕೈಗವಸು ಸೂಜಿಗೆ, ಗಾಜಿಗೆ ತಡೆಯುವುದಿಲ್ಲ.

ಚರಂಡಿಗೆ ಇಳಿಯುವ ಮೊದಲು ಮೂಗಿಗೆ ಕೆಲಸ ಕೊಡಿ. ಶೌಚಾಲಯದ ನೀರು ಸೇರುವ ಚರಂಡಿಗೆ, ಪಿಟ್ಟಿಗೆ, ಮ್ಯಾನ್‌ಹೋಲಿಗೆ ಯಾರೂ ಇಳಿಯಬಾರದು, ಯಾರನ್ನೂ ಇಳಿಸಬಾರದು. ಕೈಯಿಂದ ಮಲ ಎತ್ತಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯಲ್ಲಿ ಹಾಗೆ ಇಳಿಸುವುದು ಅಪರಾಧ. ದುಡ್ಡು ಕೊಟ್ಟು ಬೇರೆ ಕೂಲಿಯವರನ್ನು ಇಳಿಸಿದರೂ ಅಷ್ಟೇ.

ಮಳೆನೀರಿನ ತೋಡಿನಲ್ಲಿ ಕೆಲಸ ಮಾಡುವಾಗ ಇಲಿಜ್ವರದ ಹೆದರಿಕೆ ಇದೆ. ಇಲಿಯ ಮೂತ್ರ ಸೇರಿದ ನೀರು ಗಾಯದ ಮೂಲಕ ಮೈಗೆ ಸೇರಿ ಬರುವ ಜ್ವರ ಅದು. ಕಾಲಲ್ಲಿ ಗಾಯ ಇದ್ದವರು ದಡದಲ್ಲೇ ಇರಲಿ. ಕೆಲಸ ಮುಗಿದು ಒಂದೆರಡು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ "ತೋಡಿನಲ್ಲಿ ಕೆಲಸ ಮಾಡಿದ್ದೆ" ಅಂತ ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದು ತಡವಾಗಬಹುದು.

ಪೊದೆಗೆ, ಕಲ್ಲಿನ ಸಂದಿಗೆ ನೇರ ಕೈ ಹಾಕಬೇಡಿ, ಮೊದಲು ಉದ್ದ ಕೋಲು ಆಡಿಸಿ. ಹಾವು ಕಚ್ಚಿದರೆ ಹಗ್ಗ ಬಿಗಿಯುವುದು, ಕುಯ್ಯುವುದು ಯಾವುದೂ ಬೇಡ. ಅಲ್ಲಾಡಿಸದೆ ಆಸ್ಪತ್ರೆಗೆ, 108.

ಇನ್ನೊಂದು ಸಣ್ಣ ವಿಷಯ, ಇದನ್ನು ಯಾಕೋ ಯಾರೂ ಹೇಳುವುದಿಲ್ಲ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಂತ ಬ್ಯಾಂಕಿನಲ್ಲಿ ಇದೆ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವೈಕಲ್ಯ ಆದರೆ 2 ಲಕ್ಷ. 18ರಿಂದ 70 ವರ್ಷದವರು ಮಾಡಿಸಬಹುದು. ತಂಡದ ಎಲ್ಲರೂ ಮಾಡಿಸಿದ್ದಾರಾ ಅಂತ ಕೇಳಿ, ಇಲ್ಲದಿದ್ದರೆ ಮಾಡಿಸಿ.

ಹಂತ 6: ಆ ಬೆಳಿಗ್ಗೆ

ಹೇಳಿದ ಹೊತ್ತಿಗೆ ಶುರು, ಹೇಳಿದ ಹೊತ್ತಿಗೆ ಮುಗಿತಾಯ. ಎರಡೂವರೆ ಗಂಟೆಗಿಂತ ಜಾಸ್ತಿ ಬೇಡ. ಒಂಬತ್ತೂವರೆ ಮೇಲೆ ನಮ್ಮ ಸೆಕೆಯಲ್ಲಿ ಯಾರಿಗೂ ಕೈ ಬರುವುದಿಲ್ಲ. ಉದ್ಘಾಟನೆ, ಸ್ವಾಗತ ಭಾಷಣ, ಧನ್ಯವಾದ ಮೂರನ್ನೂ ಬಿಟ್ಟುಬಿಡಿ. ಗಣ್ಯರು ಬಂದರೆ ಕೈಗೆ ಹಿಡಿಸೂಡಿ ಕೊಡಿ, ಮೈಕ್ ಬೇಡ.

ಫ್ಲೆಕ್ಸ್ ಬ್ಯಾನರ್ ಮಾಡಿಸಬೇಡಿ. 2016ರ ರಾಜ್ಯದ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸ್ ಕೂಡ ಇದೆ. ಸ್ವಚ್ಛತೆಯ ಫ್ಲೆಕ್ಸನ್ನೇ ಆರು ತಿಂಗಳ ಮೇಲೆ ತೋಡಿನಿಂದ ಎತ್ತುವ ಯೋಗ ಯಾಕೆ? ಬಟ್ಟೆಯ ಮೇಲೆ ಬರೆಸಿ, ವರ್ಷಗಟ್ಟಲೆ ಬರುತ್ತದೆ.

ನೀರು ಎದುರಿನ ಅಂಗಡಿಯಿಂದ ಕೇಳಿ. ಹಿಂದಿನ ದಿನವೇ ಹೋಗಿ, "ಅಕ್ಕಾ, ನಾಳೆ ನಿಮ್ಮ ಎದುರೇ ಕೆಲಸ ಇಟ್ಟುಕೊಂಡಿದ್ದೇವೆ, ನಿಮ್ಮ ನಳ್ಳಿಯಿಂದ ನಾಲ್ಕು ಬಕೆಟ್ ನೀರು ತಗೊಳ್ಬಹುದಾ?" ಅಂತ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಕೆಲಸ ಆದ ಮೇಲೆ ಜಾಗ ನೋಡಿಕೊಳ್ಳುವವರೂ ಅವರೇ ಆಗುತ್ತಾರೆ. ತಿಂಡಿಗೆ ಸಜ್ಜಿಗೆ ಬಜಿಲ್, ಚಾ. ಬಾಳೆ ಎಲೆ ಇಲ್ಲವೇ ಅಡಿಕೆ ಹಾಳೆಯ ತಟ್ಟೆ, ಸ್ಟೀಲ್ ಲೋಟ. ಕಸ ಎತ್ತಿದ ಜಾಗದಲ್ಲಿ ಪೇಪರ್ ಕಪ್ಪಿನ ರಾಶಿ ಬಿಟ್ಟು ಹೋದರೆ ನಾಳೆ ಅದನ್ನೇ ಹೇಳಿ ನಗುತ್ತಾರೆ.

ಆ ಜಾಗ ದಿನಾ ಗುಡಿಸುವ ಪೌರಕಾರ್ಮಿಕರಿಗೆ ಮೊದಲೇ ತಿಳಿಸಿರಿ. "ಇವರು ಸರಿಯಾಗಿ ಮಾಡುವುದಿಲ್ಲ, ಅದಕ್ಕೆ ನಾವು ಬಂದದ್ದು" ಅನ್ನುವ ಹಾಗೆ ಒಂದು ಮಾತೂ ಬರಬಾರದು. ಎಷ್ಟು ಉದ್ದದ ಪೇಟೆಗೆ ಅವರು ಎಷ್ಟು ಜನ ಇದ್ದಾರೆ ಅಂತ ಕೇಳಿ ನೋಡಿ, ಬೈಯುವ ಮನಸ್ಸು ತಾನಾಗಿ ಹೋಗುತ್ತದೆ.

ಹಂತ 7: ದುಡ್ಡು

ಮೊದಲ ಆರು ತಿಂಗಳು ದುಡ್ಡು ಎತ್ತಲೇ ಬೇಡಿ. ವಸ್ತು ಕೇಳಿ. ಹಾರ್ಡ್‌ವೇರ್ ಅಂಗಡಿಯಿಂದ ಪೈಂಟ್, ಹೋಟೆಲಿನಿಂದ ಚಾ, ಯಾರದ್ದೋ ಪಿಕಪ್ ಗಾಡಿ. ಗಲ್ಫಿನಲ್ಲಿ, ಮುಂಬಯಿಯಲ್ಲಿ ಇರುವ ಊರವರು "ಎಷ್ಟು ಕಳಿಸ್ಲಿ?" ಅಂತ ಕೇಳಿಯೇ ಕೇಳುತ್ತಾರೆ. ಅವರಿಗೆ ಅಂಗಡಿಯ ಬಿಲ್ ಕಳಿಸಿ, ನೇರ ಅಂಗಡಿಗೇ ಹಾಕಲಿ. ಒಬ್ಬರ ಸ್ವಂತ ಖಾತೆಗೆ, ಅವರ ಯುಪಿಐ ನಂಬರಿಗೆ ದುಡ್ಡು ತರಿಸಿಕೊಳ್ಳುವುದೇ ದೊಡ್ಡ ತಪ್ಪು. ಆ ಮನುಷ್ಯ ಚಿನ್ನದಂಥವನಾದರೂ ಒಂದು ದಿನ ಮಾತು ಬರುತ್ತದೆ.

ಆಮೇಲೆ ಅನುದಾನ, ಸಮಾಜಸೇವೆಗೆ ಅಂತ ಕಂಪನಿಗಳು ಕೊಡುವ ಸಿಎಸ್‌ಆರ್ ದುಡ್ಡು ಬೇಕು ಅಂತಾದರೆ ನೋಂದಣಿ ಮಾಡಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಕಡಿಮೆ ಅಂದರೆ ಏಳು ಜನ ಬೇಕು. ಇಬ್ಬರ ಸಹಿ ಇಲ್ಲದೆ ದುಡ್ಡು ತೆಗೆಯಲು ಆಗದ ಜಂಟಿ ಖಾತೆ ಮಾಡಿ. ನೋಂದಣಿ ಆದ ಮೇಲೆ ಪ್ರತಿ ವರ್ಷ ಮಹಾಸಭೆ, ಲೆಕ್ಕಪತ್ರ, ನೋಂದಣಾಧಿಕಾರಿಗೆ ಪಟ್ಟಿ ಕೊಡುವುದು ಎಲ್ಲ ಇರುತ್ತದೆ. ಇದನ್ನು ಖುಷಿಯಿಂದ ಮಾಡುವ ಒಬ್ಬರು, ನಿವೃತ್ತ ಬ್ಯಾಂಕಿನವರೋ ಮೇಷ್ಟ್ರೋ, ತಂಡದಲ್ಲಿ ಇದ್ದರೆ ಮಾತ್ರ ಕೈ ಹಾಕಿ.

ಹಂತ 8: ಎರಡನೇ ತಿಂಗಳಿಂದ ಮಳೆಗಾಲದವರೆಗೆ

ಶುಚಿ ಮಾಡಿದ ಜಾಗದಲ್ಲಿ ಪುನಃ ಕಸ ಬೀಳುತ್ತದೆ. ಇದನ್ನು ಮೊದಲೇ ಎಲ್ಲರಿಗೂ ಹೇಳಿಬಿಡಿ, ಇಲ್ಲದಿದ್ದರೆ ಎರಡನೇ ತಿಂಗಳಿಗೇ ಅರ್ಧ ಜನ ಬೇಸತ್ತು ಹೋಗುತ್ತಾರೆ. ಯಾರು ಹಾಕುತ್ತಾರೆ, ಯಾಕೆ ಹಾಕುತ್ತಾರೆ ಅಂತ ನೋಡಿ. ಎಷ್ಟೋ ಸಲ ಕಾರಣ ಸಾದಾ ಇರುತ್ತದೆ. ಬಾಡಿಗೆ ಮನೆಯವರು ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ಹೋಗುತ್ತಾರೆ, ಕಸದ ಗಾಡಿ ಬರುವುದು ಒಂಬತ್ತಕ್ಕೆ. ಹಾಗಿದ್ದರೆ ಬೋರ್ಡ್ ಹಾಕಿ, ಸಿಸಿಟಿವಿ ಇಟ್ಟು ಹೆದರಿಸಿ ಪ್ರಯೋಜನ ಇಲ್ಲ. ಗಾಡಿಯ ಹೊತ್ತು ಬದಲಿಸಲು ಪುರಸಭೆಗೆ ಬರೆಯಿರಿ. ವಾರ್ಡ್ ಸಭೆ, ಗ್ರಾಮ ಸಭೆಯಲ್ಲಿ ಎದ್ದು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆಯದ ಮಾತಿಗೆ ಕಛೇರಿಯಲ್ಲಿ ಬೆಲೆ ಇಲ್ಲ. ಅಲ್ಲೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಆದರೆ ಇದು ಕೊನೆಯ ಅಸ್ತ್ರ. ಮೊದಲೇ ಬಿಟ್ಟರೆ ಮುಂದಿನ ಸಲ ಕಸದ ಗಾಡಿ ಕೇಳಲು ಹೋಗುವಾಗ ಮುಖ ನೋಡುವುದು ಕಷ್ಟ.

ಇನ್ನೊಂದು ಅಪಾಯ ಇದಕ್ಕೆ ಉಲ್ಟಾ. ನೀವು ತುಂಬ ಚೆನ್ನಾಗಿ ಮಾಡಿದರೆ "ಅದು ಸಂಘದವರು ನೋಡ್ಕೊಳ್ತಾರೆ" ಅಂತ ಪುರಸಭೆ ಅತ್ತ ತಲೆ ಹಾಕುವುದನ್ನೇ ಬಿಡಬಹುದು. ದಿನದ ಗುಡಿಸುವ ಕೆಲಸ ಯಾವತ್ತೂ ನಿಮ್ಮ ಕೈಗೆ ಬರಬಾರದು. ನಿಮ್ಮ ಪತ್ರದಲ್ಲೇ "ನಂತರದ ದಿನನಿತ್ಯದ ನಿರ್ವಹಣೆಯನ್ನು ಮುಂದುವರಿಸಬೇಕಾಗಿ ವಿನಂತಿ" ಅಂತ ಒಂದು ಸಾಲು ಸೇರಿಸಿ.

ಜೂನ್ ಬಂದರೆ ಹೊರಗಿನ ಕೆಲಸ ನಿಲ್ಲುತ್ತದೆ. ಆದರೆ ತಂಡ ನಿಲ್ಲಬಾರದು. ನಿಂತರೆ ಅಕ್ಟೋಬರದಲ್ಲಿ ಪುನಃ ಸೊನ್ನೆಯಿಂದ ಶುರು. ಮಳೆಗಾಲಕ್ಕೆ ಹೇಳಿ ಮಾಡಿಸಿದ ಕೆಲಸ ಸೊಳ್ಳೆಯದ್ದು. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು ಒಂದು ವಾರದಿಂದ ಹತ್ತು ದಿನ ನಿಂತ ನೀರಿನಲ್ಲೇ ಇರುತ್ತದೆ. ಅಂದರೆ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಅದು ಹಾರುವ ಮೊದಲೇ ಸಾಯುತ್ತದೆ. ಇಬ್ಬಿಬ್ಬರು ಕೊಡೆ ಹಿಡಿದು ಹತ್ತು ಹತ್ತು ಮನೆಗೆ ಹೋಗಿ. ಪಂಕ್ಚರ್ ಅಂಗಡಿಯ ಹಳೆ ಟಯರ್, ಬೊಂಡದ ಅಂಗಡಿ ಹಿಂದಿನ ಚಿಪ್ಪು, ಅಂಗಳದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ಫ್ರಿಜ್ಜಿನ ಹಿಂದಿನ ತಟ್ಟೆ, ಟಾರ್ಪಾಲಿನ ಮಡಿಕೆ. ಒಂದು ಚಿಪ್ಪಿನ ನೀರನ್ನು ಬಿಳಿ ಲೋಟಕ್ಕೆ ಹೊಯ್ದು ಮನೆಯವರಿಗೇ ತೋರಿಸಿ. ಸಣ್ಣ ಹುಳ ತಲೆಕೆಳಗಾಗಿ ನೇತಾಡುವುದು, ಲೋಟ ಅಲ್ಲಾಡಿಸಿದರೆ ಸುರುಳಿ ಸುತ್ತಿ ಕೆಳಗಿಳಿಯುವುದು ಕಾಣುತ್ತದೆ. ಅದನ್ನು ನೋಡಿದ ಮೇಲೆ ಭಾಷಣ ಬೇಕಾಗುವುದಿಲ್ಲ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡರೆ ಗೇಟು ಬೇಗ ತೆರೆಯುತ್ತದೆ.

ಹೀಗೆ ಮನೆಮನೆಗೆ ಹೋಗುವಾಗ ಇನ್ನೊಂದು ವಿಷಯ ತಿಳಿಯುತ್ತದೆ. ಮಕ್ಕಳೆಲ್ಲ ಹೊರಗಿದ್ದು ವಯಸ್ಸಾದವರು ಮಾತ್ರ ಇರುವ ಮನೆ ಎಷ್ಟು ಅಂತ. ಮಳೆಗೆ ಕರೆಂಟು ಹೋದರೆ, ಮದ್ದು ಮುಗಿದರೆ ಫೋನ್ ಮಾಡಲು ಒಂದು ನಂಬರ್ ಅವರಿಗೆ ಬೇಕು. ತಂಡದಲ್ಲಿ ಇಬ್ಬರ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ ಬನ್ನಿ. ಮನೆಯಲ್ಲಿ ಒಬ್ಬರೇ ಇದ್ದಾರೆ ಅನ್ನುವ ವಿಷಯವನ್ನು ಮಾತ್ರ ಗ್ರೂಪಿನಲ್ಲಿ ಹಾಕಬೇಡಿ, ಫೋಟೋ ಅಂತೂ ಬೇಡವೇ ಬೇಡ.

ಮಳೆ ಮುಗಿದ ಮೇಲಿನ ಮೊದಲ ಶ್ರಮದಾನದ ದಿನಾಂಕವನ್ನು ಮೇ ತಿಂಗಳಲ್ಲೇ ಗೊತ್ತು ಮಾಡಿ ಗ್ರೂಪಿನಲ್ಲಿ ಹಾಕಿ. ಆ ದಿನದ ಕೆಲಸವೂ ಈಗಲೇ ಗೊತ್ತಿದೆ: ತಂಗುದಾಣದ ಮಾಡು ಹತ್ತಿ, ಎಲೆ ಕಟ್ಟಿದ ತೂತು ಬಿಡಿಸುವುದು.